ನಾಡಿನ ಸಾಹಿತ್ಯೋತ್ಸವವೂ ಊರವರ ಸೇವೆಯೂ

ಶ್ರೀಮಠದ ಮಹೋತ್ಸವದ ನಿಮಿತ್ತ ಹೊರಡುತ್ತಿರುವ ಈ ಸ್ಮಾರಕ ಸಂಪುಟದಲ್ಲಿ ಶಾಸ್ತ್ರವಿಚಾರಗಳಿಗೂ ಪುರಾತನರ ಚರಿತ್ರೆಗಳಿಗೂ ಸ್ಥಾನವಿರುವುದು ಸಹಜವೇ ಆಗಿದೆ. ಅವುಗಳ ಮಧ್ಯದಲ್ಲಿ ಸಾಹಿತ್ಯ ಸಮ್ಮೇಳನದ ಇತಿಹಾಸವನ್ನು ಹೇಳಹೊರಟ ಈ ಲೇಖನವು ಅಸ್ಥಾನದಲ್ಲಿ ಬಂದಿತೇ ಎಂದು ಕೆಲವು ಸದ್ಭಕ್ತರು ಶಂಕಿಸಬಹುದು. ಆದರೆ ಉತ್ಸವವೆಂದರೆ ಏನೆಂಬುದನ್ನು ಮಠದ ಶಿಷ್ಯವರ್ಗದವರಷ್ಟು ಬಲ್ಲವರು ಬೇರೆ ಯಾರಿರುವರು? ಜಾತ್ರೆಯ ದಿನ ತೇರನ್ನು ಎಳೆಯುವವರು ಸಾವಿರಾರು ಮಂದಿ. ಅದರ ಹಿಂದಿನ ತಿಂಗಳಲ್ಲಿ ಹಗ್ಗವನ್ನು ನೋಡಿದವರು, ಗಾಲಿಗಳನ್ನು ಸರಿಮಾಡಿದವರು, ದಾಸೋಹದ ಕೊಪ್ಪರಿಗೆಗಳನ್ನು ತೊಳೆದಿಟ್ಟವರು ಬೆರಳೆಣಿಕೆಯ ಜನ. ಕನ್ನಡ ನಾಡಿನ ಸಾಹಿತ್ಯೋತ್ಸವದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅದರ ಅಧ್ಯಕ್ಷರ ಹೆಸರುಗಳು ಶಾಲೆಯ ಹುಡುಗರಿಗೂ ಬಾಯಿಪಾಠವಾಗಿವೆ. ಅದನ್ನು ಹೊತ್ತು ನಡೆಸಿದವರ ಹೆಸರುಗಳು ಆ ಪಟ್ಟಿಯಲ್ಲಿ ಸೇರಿಲ್ಲ. ಈ ಎರಡನೆಯವರ ಕಡೆಯಿಂದ ಆ ಇತಿಹಾಸವನ್ನು ಒಮ್ಮೆ ನೋಡಬೇಕೆಂಬುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ಸಾಹಿತ್ಯ ಸಮ್ಮೇಳನವನ್ನು 1915ನೆಯ ಇಸವಿಯಿಂದ ಎಣಿಸುವುದು ವಾಡಿಕೆ. ಎಣಿಕೆಗೆ ಅದು ಸರಿಯಾದುದೇ. ಆದರೆ ಬೇರು ಅದಕ್ಕಿಂತ ಹಳೆಯದು, ಮತ್ತು ಅದು ಧಾರವಾಡದ ನೆಲದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡು ಹಲವು ಆಳಿಕೆಗಳಲ್ಲಿ ಹಂಚಿಹೋಗಿದ್ದಿತು. ಧಾರವಾಡ, ಬೆಳಗಾಂವಿ, ವಿಜಾಪುರಗಳು ಮುಂಬಯಿ ಇಲಾಖೆಯಲ್ಲಿದ್ದವು. ನಮ್ಮ ಉತ್ತರ ಕನ್ನಡವೂ 1862ರಲ್ಲಿ ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಕನ್ನಡ ಮಕ್ಕಳು ಮರಾಠಿ ಶಾಲೆಯಲ್ಲಿ ಕುಳಿತು ಅಕ್ಷರ ಕಲಿಯಬೇಕಾಗಿದ್ದ ಆ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಹೋರಾಡಿದ ಸಂಗತಿಯನ್ನು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಚನ್ನಬಸಪ್ಪನವರು 1881ರಲ್ಲಿ ಲಿಂಗೈಕ್ಯರಾದರು. ಅವರು ಹಸನುಮಾಡಿದ ನೆಲದಲ್ಲಿ 1890ನೆಯ ಇಸವಿ ಜುಲೈ 20ರಂದು ರಾ. ಹ. ದೇಶಪಾಂಡೆಯವರೂ ಅವರ ಸಂಗಡಿಗರೂ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. 1896ರಲ್ಲಿ ಸಂಘದ 'ವಾಗ್ಭೂಷಣ' ಪತ್ರಿಕೆ ಹೊರಟಿತು. ಇದನ್ನು ಯಾವ ಅರಸನೂ ಸ್ಥಾಪಿಸಲಿಲ್ಲ. ಭಾಷೆಯ ಮೇಲಿನ ಅಭಿಮಾನವಲ್ಲದೆ ಬೇರೆ ಬಂಡವಾಳವಿಲ್ಲದ ಜನರು ಕೂಡಿ ಕಟ್ಟಿದರು.

ಸಭೆ ಕೂಡಿಸುವುದೂ ಒಂದು ವಿದ್ಯೆಯೇ. ಆ ವಿದ್ಯೆಯನ್ನು ನಾಡು ಈ ವರ್ಷಗಳಲ್ಲಿ ನಾನಾ ಕಡೆಗಳಿಂದ ಕಲಿಯುತ್ತಲಿದ್ದಿತು. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಸಿರಸಂಗಿ ಲಿಂಗರಾಜರ ಅಧ್ಯಕ್ಷತೆಯಲ್ಲಿ ಕೂಡಿದುದು ಇದೇ ಧಾರವಾಡದಲ್ಲಿ. ಊರೂರುಗಳಿಂದ ಬಂದ ಜನರಿಗೆ ಬಿಡಾರ, ಊಟ, ಆಸನಗಳನ್ನು ಒದಗಿಸಿ ಮೂರು ಹೊತ್ತು ಸಭೆ ನಡೆಸುವ ಕ್ರಮವು ಒಮ್ಮೆ ಊರಿಗೆ ತಿಳಿದರೆ, ಮುಂದೆ ಅದು ಯಾವ ಸತ್ಕಾರ್ಯಕ್ಕಾದರೂ ಒದಗುತ್ತದೆ. 1907 ಮತ್ತು 1908ರಲ್ಲಿ ಆಲೂರ ವೆಂಕಟರಾಯರು ಕನ್ನಡ ಗ್ರಂಥಕರ್ತರ ಸಮ್ಮೇಳನಗಳನ್ನು ಕೂಡಿಸಿದರು. ಎಲ್ಲ ಪ್ರಾಂತಗಳ ಕನ್ನಡ ಬರೆಹಗಾರರು ಒಂದೆಡೆ ಕೂಡಬೇಕೆಂಬ ಆಶೆ ಹೀಗೆ ರೂಪ ತಾಳಿತು.

ಇನ್ನು ಬೆಂಗಳೂರಿನ ಕಡೆಗೆ ಬರೋಣ. ಅಲ್ಲಿ ಪರಿಸ್ಥಿತಿಯೇ ಬೇರೆ. ಮೈಸೂರು ಸಂಸ್ಥಾನದಲ್ಲಿ ಕನ್ನಡಕ್ಕೆ ಅರಸರ ಆಶ್ರಯವಿದ್ದಿತು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು, ಸಂಪದಭ್ಯುದಯ ಸಮಾಜದ ಮೂಲಕ ಭಾಷೆಯ ಏಳಿಗೆಯ ವಿಚಾರವು ಸರಕಾರದ ಕಾರ್ಯಕ್ರಮದಲ್ಲಿಯೇ ಸೇರಿತ್ತು. 1915ನೆಯ ಇಸವಿ ಮೇ 5ರಂದು ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು; ಇಂದು ಅದಕ್ಕೆ ಕನ್ನಡ ಸಾಹಿತ್ಯ ಪರಿಷತ್ತೆಂದು ಹೆಸರು. ಎಚ್. ವಿ. ನಂಜುಂಡಯ್ಯನವರು ಪ್ರಥಮ ಸಮ್ಮೇಳನದ ಅಧ್ಯಕ್ಷರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕೂಡಿದ ಮುಂದಿನ ಎರಡು ಸಮ್ಮೇಳನಗಳಿಗೂ ಅವರೇ ಅಧ್ಯಕ್ಷರು.

ಇಲ್ಲಿಯವರೆಗಿನ ಸಮ್ಮೇಳನವು ರಾಜಧಾನಿಯ ವಿದ್ವಾಂಸರ ಸಭೆ. ಅದು ನಾಡಿನ ಹಬ್ಬವಾದುದು 1918ರಲ್ಲಿ, ಸಂಸ್ಥಾನದ ಗಡಿಯನ್ನು ದಾಟಿ ಧಾರವಾಡಕ್ಕೆ ಬಂದಾಗ. 'ಕರ್ನಾಟಕ ಕವಿಚರಿತೆ'ಯನ್ನು ರಚಿಸಿದ ರಾ. ನರಸಿಂಹಾಚಾರ್ಯರು ಆ ಸಲದ ಅಧ್ಯಕ್ಷರು. ಅಲ್ಲಿಂದ ಮುಂದೆ ಸಮ್ಮೇಳನಕ್ಕೆ ಕಾಲು ಬಂದವು. 1920ರಲ್ಲಿ ಮದ್ರಾಸ ಇಲಾಖೆಯ ಹೊಸಪೇಟೆ, 1923ರಲ್ಲಿ ವಿಜಾಪುರ, 1927ರಲ್ಲಿ ಮಂಗಳೂರು, 1928ರಲ್ಲಿ ನಿಜಾಮರ ಸೀಮೆಯ ಕಲಬುರ್ಗಿ, 1932ರಲ್ಲಿ ಕೊಡಗಿನ ಮಡಿಕೇರಿ, 1937ರಲ್ಲಿ ಜಮಖಂಡಿ ಸಂಸ್ಥಾನ - ಹೀಗೆ ಸುಮಾರು ಇಪ್ಪತ್ತು ವರ್ಷಗಳೊಳಗಾಗಿ ಕನ್ನಡಿಗರು ಹಂಚಿಹೋಗಿದ್ದ ಎಲ್ಲ ಮುಖ್ಯ ಆಳಿಕೆಗಳಲ್ಲಿಯೂ ಅದು ಕೂಡಿತು. ನಾಡು ಒಂದಾದುದು 1956ರ ನವೆಂಬರ 1ರಂದು. ನಕ್ಷೆಯ ಮೇಲೆ ಇನ್ನೂ ಇಲ್ಲದ ನಾಡಿನಲ್ಲಿ ಸಾಹಿತ್ಯವು ಮೊದಲೇ ಸಂಚರಿಸಿ ಬಂದಿತ್ತೆಂಬುದನ್ನು ಏಕೀಕರಣದ ಇತಿಹಾಸವನ್ನು ಬರೆಯುವವರು ಮರೆಯಲಾಗದು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕಾಗಿದೆ. ಸಮ್ಮೇಳನವನ್ನು ನಡೆಸುವವರು ಯಾರು? ಪರಿಷತ್ತು ಎಂದು ಉತ್ತರ ಬರುವುದು. ಆದರೆ ನೂರಾರು ಮೈಲುಗಳ ಆಚೆ, ಬೇರೊಂದು ಆಳಿಕೆಯಲ್ಲಿ ಕುಳಿತ ಸಂಸ್ಥೆಯು ಹೊಸಪೇಟೆಯಲ್ಲಿ ಚಪ್ಪರ ಹಾಕಿಸುವುದು ಹೇಗೆ? ಪರಿಷತ್ತು ಹೆಸರನ್ನೂ ಕ್ರಮವನ್ನೂ ಕೊಡುತ್ತಿತ್ತು, ಉಳಿದುದೆಲ್ಲ ಊರವರದು. ಊರಿನ ಪ್ರಮುಖರು ಸ್ವಾಗತ ಮಂಡಲಿಯನ್ನು ಮಾಡಿಕೊಳ್ಳುವರು. ವರ್ತಕರು, ವಕೀಲರು, ಶಾಲಾ ಮಾಸ್ತರರು ಅದರಲ್ಲಿ ಸೇರುವರು. ವಂತಿಗೆಯ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಕೆಲಸ ಪ್ರಾಯದವರ ಪಾಲಿಗೆ ಬರುವುದು. ಒಬ್ಬರು ಅಕ್ಕಿ ಜೋಳಗಳನ್ನು ಕೊಡುವರು, ಒಬ್ಬರು ಸೌದೆಯನ್ನು ಕಳಿಸುವರು, ಒಬ್ಬರು ಪಾತ್ರೆಗಳನ್ನೂ ಜಮಖಾನೆಗಳನ್ನೂ ಎರವಲು ಕೊಡುವರು. ರಜೆಯ ದಿನಗಳಾದರೆ ಶಾಲೆಯ ಕೋಣೆಗಳೇ ಅತಿಥಿಗಳ ಬಿಡಾರ. ಸಾಲದಿದ್ದರೆ ಮನೆಗಳ ಪಡಸಾಲೆ. ರಾತ್ರಿ ಗಾಡಿಯಿಂದ ಇಳಿದ ಕವಿಗೆ ಕಂದೀಲು ಹಿಡಿದು ದಾರಿ ತೋರಿಸುವವನು ಒಬ್ಬ ಬೇಕು. ಬೆಳಿಗ್ಗೆ ನೀರು ಕಾಯಿಸುವವನು ಒಬ್ಬ ಬೇಕು. ಇವರಿಗೆ ಸಂಬಳವಿಲ್ಲ. ಸಭೆಯಲ್ಲಿ ಕೂತು ಭಾಷಣ ಕೇಳುವ ಯೋಗವೂ ಬಹುಮಟ್ಟಿಗೆ ಇವರಿಗಿಲ್ಲ, ಏಕೆಂದರೆ ಆ ಹೊತ್ತಿಗೆ ಅವರು ಪಂಕ್ತಿಗೆ ಎಲೆ ಹಾಕುತ್ತಿರುವರು.

ಆದುದರಿಂದ ಪ್ರತಿಯೊಂದು ಅಖಿಲ ಕರ್ನಾಟಕ ಸಮ್ಮೇಳನವೂ ನಿಜವಾಗಿ ಒಂದು ಊರಿನ ಉತ್ಸವವೇ ಆಗಿದ್ದಿತೆಂದು ನಾನು ತಿಳಿಯುತ್ತೇನೆ. ಅದರ ಯಶಸ್ಸು ಅಪಯಶಸ್ಸುಗಳು ಅಧ್ಯಕ್ಷ ಭಾಷಣದ ಪಾಂಡಿತ್ಯವನ್ನು ಅವಲಂಬಿಸಿದುದಕ್ಕಿಂತ ಊರಿನ ಐಕಮತ್ಯವನ್ನು ಅವಲಂಬಿಸಿದುದೇ ಹೆಚ್ಚು. 'ಸಾಹಿತ್ಯ' ಎಂಬ ಶಬ್ದವು 'ಸಹಿತ' ಎಂಬುದರಿಂದ ಹುಟ್ಟಿತೆಂದು ಪಾಠಶಾಲೆಯಲ್ಲಿ ನಮಗೆ ಹೇಳಿಕೊಡುತ್ತಿದ್ದರು. ಶಬ್ದಾರ್ಥಗಳ ಸಹಭಾವವೆಂದು ಅಲಂಕಾರಿಕರು ಅದಕ್ಕೆ ಅರ್ಥ ಮಾಡುವರು. ಸಮ್ಮೇಳನದ ಅಡುಗೆಮನೆಯನ್ನು ಕಂಡವರು ಇನ್ನೊಂದು ಸಹಭಾವವನ್ನೂ ಅದಕ್ಕೆ ಸೇರಿಸಿಯಾರು.

ಸ್ವಯಂಸೇವಕ ಎಂಬ ಮಾತು ನಮ್ಮ ಕಡೆ ಬಳಕೆಗೆ ಬಂದ ಬಗೆಯನ್ನೂ ಇಲ್ಲಿಯೇ ಹೇಳಿಬಿಡುವೆನು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದರು. ಹುಬ್ಬಳ್ಳಿ ಅದರ ಕೇಂದ್ರ. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾಂವಿಯಲ್ಲಿ ಕಾಂಗ್ರೆಸ್ಸು ಕೂಡಿದಾಗ ಉತ್ತರ ಕರ್ನಾಟಕದ ತರುಣರು ಶಿಸ್ತಿನಿಂದ ದೊಡ್ಡ ಸಭೆಯನ್ನು ನಡೆಸುವುದನ್ನು ಕಣ್ಣಾರೆ ಕಂಡರು. ಮರುವರ್ಷವೇ, ಅಂದರೆ 1925ರಲ್ಲಿ, ಅದೇ ಬೆಳಗಾಂವಿಯಲ್ಲಿ ಬೆನಗಲ್ ರಾಮರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಆ ಊರು 1929ರಲ್ಲಿಯೂ 1939ರಲ್ಲಿಯೂ ಮತ್ತೆ ಸಮ್ಮೇಳನವನ್ನು ಕರೆಯಿತು. ಒಮ್ಮೆ ಅತಿಥಿಗಳನ್ನು ಸುಧಾರಿಸಿದ ಊರಿಗೆ ಅಂಜಿಕೆ ಬಿಟ್ಟುಹೋಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ ಸಮ್ಮೇಳನಕ್ಕೆ ಒಂದು ಕೊರತೆಯಿತ್ತು. ಅದು ಒಂದು ಊರಿಗೆ ಬಂದು ಹೋದರೆ ಮತ್ತೆ ಬರುವುದು ಹತ್ತೋ ಇಪ್ಪತ್ತೋ ವರ್ಷಗಳ ಮೇಲೆ. ಜಂಗಮದಂತೆ ಅದು ಸಂಚಾರಿ. ಊರಿನಲ್ಲಿಯೇ ನೆಲೆನಿಂತು ವರ್ಷವರ್ಷವೂ ನಡೆಯುವ ಸಾಹಿತ್ಯೋತ್ಸವವೊಂದು ಬೇಕಾಗಿದ್ದಿತು. ಆ ಕೊರತೆಯನ್ನು ತುಂಬಿದುದು ನಾಡಹಬ್ಬ. ಧಾರವಾಡದಲ್ಲಿ ದ. ರಾ. ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ 1920ರ ದಶಕದಲ್ಲಿ ಇದನ್ನು ಆರಂಭಿಸಿದರು. ನವರಾತ್ರಿಯ ದಿನಗಳು, ದಿನಕ್ಕೊಂದು ಉಪನ್ಯಾಸ, ಕವಿತಾವಾಚನ, ಹಾಡು. ದೇವಿಯ ಉತ್ಸವದ ಕಾಲದಲ್ಲಿ ನಾಡನ್ನೇ ತಾಯಿಯೆಂದು ನೆನೆಯುವ ಈ ಏರ್ಪಾಡಿಗೆ ಹಣವೂ ಹೆಚ್ಚು ಬೇಡ. ಒಂದು ಪಡಸಾಲೆ ಅಥವಾ ಗುಡಿಯ ಅಂಗಳ, ಎರಡು ದೀಪ, ಹಾಸಲು ಚಾಪೆ, ಮಾತಾಡಬಲ್ಲ ಒಬ್ಬರು, ಕೇಳಬಲ್ಲ ನಾಲ್ವತ್ತು ಜನ - ಇಷ್ಟಿದ್ದರೆ ಹಬ್ಬವಾಯಿತು. ಆದುದರಿಂದಲೇ ಅದು ಧಾರವಾಡದಲ್ಲಿ ನಿಲ್ಲದೆ ಉತ್ತರ ಕರ್ನಾಟಕದ ಊರೂರುಗಳಿಗೆ ಹಬ್ಬಿತು. ಇತ್ತೀಚೆಗೆ ಮೈಸೂರಿನ ದಸರೆಯನ್ನೂ ನಾಡಹಬ್ಬವೆಂದು ಕರೆಯುವುದು ರೂಢಿಯಾಗಿದೆ. ಆನೆ ಅಂಬಾರಿಗಳ ಆ ವೈಭವವನ್ನು ಬೇಡವೆನ್ನಲು ನಾವು ಯಾರು? ಆದರೆ ಚಾಪೆಯ ಮೇಲೆ ಕೂತು ಆಚರಿಸಿದ ಹಬ್ಬವೂ ಅದೇ ಹೆಸರಿನದು ಎಂಬುದು ಹೊಸಬರಿಗೆ ತಿಳಿದಿರುವುದು ಒಳ್ಳೆಯದು.

ನಾಡಹಬ್ಬದ ಫಲವೇನೆಂದು ಕೇಳಿದರೆ ನಾನು ಒಂದು ಲೆಕ್ಕವನ್ನು ಮುಂದಿಡುವೆನು. ಗೆಳೆಯರ ಗುಂಪಿನಲ್ಲಿದ್ದ ತರುಣರಲ್ಲಿ ಬೇಂದ್ರೆಯವರು 1943ರಲ್ಲಿ ಶಿವಮೊಗ್ಗೆಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ವಿ. ಕೃ. ಗೋಕಾಕರು 1958ರಲ್ಲಿ ಬಳ್ಳಾರಿಯಲ್ಲಿ, ರಂ. ಶ್ರೀ. ಮುಗಳಿಯವರು 1963ರಲ್ಲಿ ಶ್ರೀಕ್ಷೇತ್ರ ಸಿದ್ಧಗಂಗೆಯಲ್ಲಿ, ಶಂ. ಬಾ. ಜೋಶಿಯವರು 1981ರಲ್ಲಿ ಮಡಿಕೇರಿಯಲ್ಲಿ. ಒಂದು ಊರಿನ ಒಂದು ಗೆಳೆತನದಿಂದ ನಾಲ್ವರು ಅಧ್ಯಕ್ಷರು. ವಿದ್ವತ್ತು ಅವರವರ ಸ್ವಂತದ್ದು, ನಿಜ. ಆದರೆ ಜನರ ಮುಂದೆ ನಿಂತು ಜನರಿಗೆ ತಿಳಿಯುವಂತೆ ಮಾತಾಡುವ ಅಭ್ಯಾಸವೂ, ನಾಲ್ವರು ಕೂಡಿ ಒಂದು ಕೆಲಸವನ್ನು ಹೊರುವ ಅಭ್ಯಾಸವೂ ಇಂಥ ಹಬ್ಬಗಳಲ್ಲಿಯೇ ಬರತಕ್ಕವು.

ಇನ್ನು ನಮ್ಮ ಸಮಾಜಕ್ಕೂ ಈ ಉತ್ಸವಕ್ಕೂ ಇರುವ ಸಂಬಂಧವನ್ನು ಭಕ್ತಾದಿಗಳು ತಿಳಿಯಬಯಸುವುದು ಸಹಜ. ಫ. ಗು. ಹಳಕಟ್ಟಿಯವರ ಹೆಸರನ್ನು ಮೊದಲು ಹೇಳಬೇಕು. ವಿಜಾಪುರದಲ್ಲಿ ವಕೀಲಿ ಮಾಡುತ್ತ, ತಾಡವೋಲೆಗಳನ್ನು ಹುಡುಕುತ್ತ ಊರೂರು ತಿರುಗಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರಡಿಸಿ, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನು ಮಾರಿದ ಮಹನೀಯರು ಅವರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದ ವರ್ಷವೇ ಬಳ್ಳಾರಿಯ ಹನ್ನೆರಡನೆಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮಠದ ಗದ್ದಿಗೆಯ ಬಳಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ವಚನಗಳ ಕಟ್ಟುಗಳು ನಾಡಿನ ಸಾಹಿತ್ಯವೆಂದು ಬಹಿರಂಗ ಸಭೆಯಲ್ಲಿ ಮಾನ್ಯತೆ ಪಡೆದುದು ಹೀಗೆ. 1944ರಲ್ಲಿ ರಬಕವಿಯಲ್ಲಿ ಶಿ. ಶಿ. ಬಸವನಾಳರು ಅಧ್ಯಕ್ಷಸ್ಥಾನವನ್ನು ವಹಿಸಿದರು. 1949ರಲ್ಲಿ ಕಲಬುರ್ಗಿಯಲ್ಲಿ ಉತ್ತಂಗಿ ಚನ್ನಪ್ಪನವರು; ಇವರು ಕ್ರೈಸ್ತ ಪಾದ್ರಿಗಳು, ಸರ್ವಜ್ಞನ ವಚನಗಳನ್ನು ಊರೂರಿನಿಂದ ಆಯ್ದು ತಂದವರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಪ್ರತಿಪಾದಿಸಿ ಗ್ರಂಥ ಬರೆದವರು. ಮರುವರ್ಷ ಸೊಲ್ಲಾಪುರದಲ್ಲಿ, 'ಭಕ್ತಿಭಂಡಾರಿ ಬಸವಣ್ಣನವರು' ಎಂಬ ಗ್ರಂಥವನ್ನು ಬರೆದ ಎಂ. ಆರ್. ಶ್ರೀನಿವಾಸಮೂರ್ತಿಗಳು, 1952ರಲ್ಲಿ ಬೇಲೂರಿನಲ್ಲಿ ಎಸ್. ಸಿ. ನಂದಿಮಠರು. ವಚನಸಾಹಿತ್ಯವನ್ನು ಬೆಳಕಿಗೆ ತಂದವರಲ್ಲಿ ಲಿಂಗಧಾರಿಗಳೂ ಇದ್ದರು, ಅನ್ಯಮತದವರೂ ಇದ್ದರು. ಸಮ್ಮೇಳನದ ವೇದಿಕೆ ಅವರನ್ನು ಬೇರೆಬೇರೆಯಾಗಿ ನೋಡಲಿಲ್ಲ.

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು. ಮೊದಲ ಸಮ್ಮೇಳನವಾಗಿ ಆಗ 59 ವರ್ಷಗಳು ಸಂದಿದ್ದವು! ಅನಂತರ 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡರು, 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ ಅವರು, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ ಅವರು. 2024ರವರೆಗಿನ 87 ಸಮ್ಮೇಳನಗಳಲ್ಲಿ ಹೆಂಗಸರ ಅಧ್ಯಕ್ಷತೆ ನಾಲ್ಕು. ಹನ್ನೆರಡನೆಯ ಶತಮಾನದ ಶರಣೆಯರ ವಚನಗಳನ್ನು ಭಾಷಣದಲ್ಲಿ ಉದಾಹರಿಸುವವರು ಈ ಲೆಕ್ಕವನ್ನೂ ಮನಸ್ಸಿನಲ್ಲಿಡಬೇಕು. ಅತಿಥಿಗಳಿಗೆ ರೊಟ್ಟಿ ಬಡಿದ ಕೈಗಳ ಲೆಕ್ಕವನ್ನು ತೆಗೆದರೆ ಈ ಪ್ರಮಾಣವು ಹೇಗೆ ತಲೆಕೆಳಗಾಗುವುದೆಂಬುದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಈಗ ನಮ್ಮ ಜಿಲ್ಲೆಗೆ ಬರುವೆನು. ಉತ್ತರ ಕನ್ನಡವು ಅಖಿಲ ಕರ್ನಾಟಕದ ಸಮ್ಮೇಳನವನ್ನು ಸ್ವಾಗತಿಸಿದ್ದು ನಾಲ್ಕು ಸಲ. ಮೊದಲನೆಯದು 1931ರಲ್ಲಿ ಕಾರವಾರದಲ್ಲಿ. ಮುಳಿಯ ತಿಮ್ಮಪ್ಪಯ್ಯನವರು ಅಧ್ಯಕ್ಷರು. ಅದರ ಹಿಂದಿನ ವರ್ಷವಷ್ಟೇ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಗಿದ್ದಿತು. ಮುಂದಿನ ವರ್ಷ ಸಿದ್ದಾಪುರ ಅಂಕೋಲೆಗಳ ರೈತರು ಕರವನ್ನು ಕೊಡೆವೆಂದು ನಿಂತು ಹೊಲಮನೆಗಳನ್ನು ಕಳೆದುಕೊಂಡರು. ಈ ಎರಡು ಬೆಂಕಿಗಳ ನಡುವಣ ವರ್ಷದಲ್ಲಿ ಜಿಲ್ಲೆಯ ಜನ ಸಾಹಿತ್ಯದ ಅತಿಥಿಗಳನ್ನು ಕರೆದರೆಂಬುದು ಸಾಮಾನ್ಯ ಸಂಗತಿಯಲ್ಲ. ಪಂಪನು ಬನವಾಸಿಯನ್ನು ನೆನೆದ ಕವಿ. ಅವನನ್ನು ಕುರಿತು 'ನಾಡೋಜ ಪಂಪ' ಎಂಬ ಪ್ರೌಢಗ್ರಂಥವನ್ನು ಮುಂದೆ ಬರೆದ ತಿಮ್ಮಪ್ಪಯ್ಯನವರೇ ಬನವಾಸಿಯುಳ್ಳ ಜಿಲ್ಲೆಯ ಮೊದಲ ಸಮ್ಮೇಳನಕ್ಕೆ ಅಧ್ಯಕ್ಷರಾದುದು ಒಂದು ಸೊಗಸಾದ ಕೂಡಿಕೆ.

ಎರಡನೆಯದು 1954ರಲ್ಲಿ ಕುಮಟೆಯಲ್ಲಿ, ವಿ. ಸೀತಾರಾಮಯ್ಯನವರ ಅಧ್ಯಕ್ಷತೆಯಲ್ಲಿ. ರಾಜ್ಯಗಳ ಪುನರ್ವಿಂಗಡಣೆಗಾಗಿ ಕೇಂದ್ರ ಸರಕಾರವು ಆಯೋಗವನ್ನು ನೇಮಿಸಿದ್ದ ಕಾಲವದು. ಮುಂಬಯಿ ರಾಜ್ಯದಲ್ಲಿದ್ದ ಕುಮಟೆಯವರಿಗೆ ಸಮ್ಮೇಳನವನ್ನು ಕರೆಯುವುದೆಂದರೆ ತಾವು ಯಾವ ನಾಡಿನವರೆಂಬುದನ್ನು ನಾಲ್ಕು ಜನರ ಮುಂದೆ ಹೇಳಿದಂತೆಯೇ ಸರಿ. ಮೂರನೆಯದು 1965ರಲ್ಲಿ ಮತ್ತೆ ಕಾರವಾರದಲ್ಲಿ. ಕಡೆಂಗೋಡ್ಲು ಶಂಕರಭಟ್ಟರು ಅಧ್ಯಕ್ಷರು. ಗಡಿಯ ತಕರಾರು ಬಿಸಿಯಾಗಿದ್ದ ದಿನಗಳವು. ಮಹಾರಾಷ್ಟ್ರವು ತನ್ನವೆಂದು ಹಕ್ಕು ಹೇಳಿದ ಪ್ರದೇಶಗಳಲ್ಲಿ ಕಾರವಾರ, ಹಳಿಯಾಳ, ಸೂಪಾಗಳೂ ಇದ್ದವು. ಮರುವರ್ಷ, 1966ರಲ್ಲಿ, ಮಹಾಜನ ಆಯೋಗದ ನೇಮಕವಾಯಿತು. ನಾಲ್ಕನೆಯದು 1982ರಲ್ಲಿ ಶಿರಸಿಯಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ. ನಾಲ್ಕರಲ್ಲಿ ಮೂರು ಕರಾವಳಿಯಲ್ಲಿ, ಒಂದು ಘಟ್ಟದ ಮೇಲೆ. ಹಳಿಯಾಳ, ಸೂಪಾ, ಮುಂಡಗೋಡಗಳ ಪಾಲಿಗೆ ಇವೆಲ್ಲ ಹೋಗಿ ನೋಡಿ ಬರುವ ಜಾತ್ರೆಗಳೇ ಆದವು. ಅಣಶಿ ಘಟ್ಟವನ್ನಿಳಿದು ಕಾರವಾರಕ್ಕೆ ಹೋಗುವುದೆಂದರೆ ಏನೆಂಬುದನ್ನು ಕುಂಬಾರವಾಡದ ಕಡೆಯವರು ಬಲ್ಲರು.

ಮಠಗಳೂ ಕ್ಷೇತ್ರಗಳೂ ಸಮ್ಮೇಳನದ ಭಾರವನ್ನು ಹೊತ್ತ ಪ್ರಸಂಗಗಳುಂಟು. 1963ರಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಸಿದ್ಧಗಂಗೆಯಲ್ಲಿ, 1967ರಲ್ಲಿ ಶ್ರವಣಬೆಳಗೊಳದಲ್ಲಿ, 1979ರಲ್ಲಿ ಧರ್ಮಸ್ಥಳದಲ್ಲಿ ಸಮ್ಮೇಳನಗಳು ಕೂಡಿದವು. ನಿತ್ಯ ದಾಸೋಹದ ಒಲೆ ಆರದ ಸ್ಥಳಗಳಲ್ಲಿ ಅತಿಥಿಗಳ ಊಟದ ಚಿಂತೆ ಎಲ್ಲಿಯದು? ಬಡಿಸಲು ನೂರಾರು ವಿದ್ಯಾರ್ಥಿಗಳು ಸಿದ್ಧರಾಗಿಯೇ ಇರುವರು. ಇದು ಮಠಗಳಿಗೆ ಭೂಷಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಮಠದವನಾಗಿಯೇ ನಾನು ಒಂದು ಮಾತನ್ನು ಹೇಳುತ್ತೇನೆ, ಹಿರಿಯರು ಮನ್ನಿಸಬೇಕು. ಮಠವು ಎಲ್ಲವನ್ನೂ ತಾನೇ ಹೊತ್ತರೆ ಊರಿಗೆ ಹೊರುವ ಕಲಿಕೆ ತಪ್ಪುತ್ತದೆ. ವಂತಿಗೆಗಾಗಿ ಮನೆಮನೆಗೆ ಹೋದ ತರುಣನಿಗೆ ಊರಿನ ಪರಿಚಯವಾಗುತ್ತದೆ. ಜಗಳವಾಡಿದ ಎರಡು ಓಣಿಗಳು ಒಂದು ಚಪ್ಪರದ ಕೆಳಗೆ ಬರುತ್ತವೆ. ಸಿದ್ಧಾನ್ನವು ಹಸಿವನ್ನು ಕಳೆಯುವುದಷ್ಟೇ. ಆದುದರಿಂದ ಮಠವು ಅಂಗಳವನ್ನೂ ಪಾತ್ರೆಗಳನ್ನೂ ಕೊಟ್ಟು, ಒಲೆ ಹಚ್ಚುವ ಕೆಲಸವನ್ನು ಊರವರಿಗೆ ಬಿಡುವುದು ಉತ್ತಮ ಪಕ್ಷವೆಂದು ನನ್ನ ಅಭಿಪ್ರಾಯ.

ಮಠದ ವಿಷಯದಲ್ಲಿ ಹೇಳಿದ ಮಾತು ಸರಕಾರದ ವಿಷಯದಲ್ಲಿ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ರಾಜ್ಯ ಒಂದಾದ ಮೇಲೆ ಸಮ್ಮೇಳನವು ಬೆಳೆಯುತ್ತ ಹೋಯಿತು. ಇಂದು ಅದಕ್ಕೆ ಸರಕಾರದ ಬೊಕ್ಕಸದಿಂದ ಕೋಟಿಗಟ್ಟಲೆ ರೂಪಾಯಿ ಬರುತ್ತದೆ. ಜಿಲ್ಲೆಯ ಅಧಿಕಾರಿಗಳು ಸಮಿತಿಗಳನ್ನು ನಡೆಸುತ್ತಾರೆ. ಚಪ್ಪರ, ಧ್ವನಿವರ್ಧಕ, ಊಟಗಳೆಲ್ಲ ಗುತ್ತಿಗೆಯವರ ಕೈಯಲ್ಲಿ. 2019ರಲ್ಲಿ ಧಾರವಾಡ, 2020ರಲ್ಲಿ ಕಲಬುರಗಿ, 2023ರಲ್ಲಿ ಹಾವೇರಿ, 2024ರಲ್ಲಿ ಮಂಡ್ಯ - ಎಲ್ಲಿ ನೋಡಿದರೂ ಜನಸಾಗರ. ಮಂಡ್ಯದಲ್ಲಿ ಶರಣಸಾಹಿತ್ಯಕ್ಕಾಗಿ ಬಾಳನ್ನು ಸವೆಸಿದ ಗೊ. ರು. ಚನ್ನಬಸಪ್ಪನವರು ಅಧ್ಯಕ್ಷರಾದುದು ನಮಗೆಲ್ಲ ಸಂತೋಷದ ವಿಷಯ. ಪುಸ್ತಕದ ಮಳಿಗೆಗಳ ಮುಂದೆ ಹಳ್ಳಿಯ ರೈತನು ನಿಂತು ಮಗಳಿಗೆ ಪುಸ್ತಕ ಕೊಳ್ಳುವ ನೋಟವನ್ನು ಕಂಡವರು ಈ ಬೆಳವಣಿಗೆಯನ್ನು ಹಳಿಯಲಾರರು. ಮೂರು ದಿನಗಳಲ್ಲಿ ಮುಗಿಯದ ಗೋಷ್ಠಿಗಳು, ಎತ್ತಿಡಲಾರದ ಹಾರಗಳು, ಹಿಂದಿನ ವರ್ಷದವೇ ಆದ ಠರಾವುಗಳು - ಇವುಗಳನ್ನು ಕುರಿತು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿರುವುದರಿಂದ ನಾನು ಮತ್ತೆ ಹೇಳುವುದಿಲ್ಲ. ನನ್ನ ಶಂಕೆ ಬೇರೆಯದು. ಗುತ್ತಿಗೆಯವನು ಚಪ್ಪರವನ್ನು ಬಿಚ್ಚಿಕೊಂಡು ಹೋದ ಮೇಲೆ ಆ ಊರಿನಲ್ಲಿ ಏನು ಉಳಿಯುತ್ತದೆ? ಹಿಂದೆ ಸಾಲ ಉಳಿಯುತ್ತಿದ್ದುದೂ ಉಂಟು. ಅದರೊಡನೆ ಕೆಲಸ ಕಲಿತ ಹತ್ತಾರು ತರುಣರೂ ಉಳಿಯುತ್ತಿದ್ದರು. ವಾಚನಾಲಯಗಳನ್ನೂ ನಾಡಹಬ್ಬಗಳನ್ನೂ ನಡೆಸತಕ್ಕವರು ಅಂಥವರೇ.

ಈ ಪ್ರಶ್ನೆಗೆ ಉತ್ತರವನ್ನು ಕೆಲವರು ತಮ್ಮದೇ ರೀತಿಯಲ್ಲಿ ಹುಡುಕಿಕೊಂಡಿದ್ದಾರೆ. ನಮ್ಮ ಜಿಲ್ಲೆಗೆ ಸಮೀಪದ ಸಾಗರ ತಾಲೂಕಿನ ಹೆಗ್ಗೋಡು ಒಂದು ಸಣ್ಣ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸಂಘವು ಕೆ. ವಿ. ಸುಬ್ಬಣ್ಣನವರ ಕಾಲದಲ್ಲಿ ನಾಟಕ, ಗ್ರಂಥಪ್ರಕಟನೆ, ಸಂಸ್ಕೃತಿ ಶಿಬಿರಗಳಿಗೆ ನೆಲೆಯಾಯಿತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸಂಜೆ ಬಣ್ಣ ಹಚ್ಚಿಕೊಂಡು ರಂಗವೇರಿದ ಸಂಘವದು. ಧಾರವಾಡದಲ್ಲಿ ಗಿರಡ್ಡಿ ಗೋವಿಂದರಾಜರ ಮುಂದಾಳುತನದಲ್ಲಿ 2013ರಿಂದ ಸಾಹಿತ್ಯ ಸಂಭ್ರಮ ನಡೆಯತೊಡಗಿತು. ಅಲ್ಲಿ ಹಾರತುರಾಯಿಗಳಿಗಿಂತ ಸಂವಾದಕ್ಕೆ ಹೆಚ್ಚಿನ ಸ್ಥಾನವಿತ್ತು. ಇವು ದೊಡ್ಡ ಸಮ್ಮೇಳನಕ್ಕೆ ಪ್ರತಿಯಾಗಿ ಹುಟ್ಟಿದವೆಂದು ತಿಳಿಯಬಾರದು. ಊರಿನ ಕೈಯಲ್ಲಿ ಉಳಿದ ಹಬ್ಬದ ಹಳೆಯ ದಾರಿಯೇ ಇಲ್ಲಿ ಮುಂದುವರಿದಿದೆ.

ಪರಿಷತ್ತು ಈಗ ಜಿಲ್ಲಾ ಸಮ್ಮೇಳನಗಳನ್ನೂ ತಾಲೂಕು ಸಮ್ಮೇಳನಗಳನ್ನೂ ನಡೆಸುತ್ತಿದೆ. ನಮ್ಮ ಸೀಮೆಗೆ ಇವುಗಳೇ ನಿಜವಾದ ಸಾಹಿತ್ಯೋತ್ಸವಗಳು. ಜೋಯಿಡಾ ತಾಲೂಕನ್ನೇ ನೋಡಿರಿ. ಮನೆಗಳು ಕಾಡಿನೊಳಗೆ ದೂರದೂರ. ಮನೆಯ ಮಾತು ಬಹುಕಡೆ ಕೊಂಕಣಿ ಅಥವಾ ಮರಾಠಿ, ಶಾಲೆಯ ಮಾತು ಕನ್ನಡ. ಕುಣಬಿಯರು, ಗೌಳಿಗರು, ಸಿದ್ದಿಯರು, ಬಯಲುಸೀಮೆಯಿಂದ ಬಂದು ನೆಲೆಸಿದವರು ಎಲ್ಲರೂ ಇಲ್ಲಿಯವರೇ. ಕಾಳಿನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಇಂಥ ನೆಲದಲ್ಲಿ ಸಾಹಿತ್ಯದ ಹಬ್ಬವು ಬೆಂಗಳೂರಿನ ನಮೂನೆಯಲ್ಲಿ ನಡೆಯಲಾರದು, ನಡೆಯಲೂ ಬಾರದು. ಮಳೆ ನಿಂತು, ಭತ್ತದ ಒಕ್ಕಲು ಮುಗಿದ ಮೇಲೆ, ಶಾಲೆಯ ಅಂಗಳದಲ್ಲಿ ಒಂದು ದಿನ ಕೂಡಿದರೆ ಸಾಕು. ಕುಣಬಿಯ ಮುದುಕಿಯ ಹಾಡು ಕೊಂಕಣಿಯಲ್ಲಿದ್ದರೆ ಅದು ಕನ್ನಡದ ಹಬ್ಬಕ್ಕೆ ಮೈಲಿಗೆಯಲ್ಲ. ಶಿವಶರಣರ ಅನುಭವ ಗೋಷ್ಠಿಗೆ ಕಾಶ್ಮೀರದಿಂದಲೂ ಬಂದವರಿದ್ದರೆಂದು ನಾವು ಪುರಾಣದಲ್ಲಿ ಓದುವುದಿಲ್ಲವೇ? ಗಡಿಸೀಮೆಯಲ್ಲಿ ಭಾಷೆಯು ನೆರೆಯವನ ಭಾಷೆಯನ್ನು ದೂಡಿ ಬದುಕುವುದಕ್ಕಿಂತ ಪಕ್ಕಕ್ಕೆ ಕೂಡಿಸಿಕೊಂಡು ಬದುಕುವುದು ಸುಲಭ.

ಕೊನೆಗೆ ಶ್ರೀಮಠದ ಭಕ್ತಾದಿಗಳಲ್ಲಿ ಒಂದು ವಿನಂತಿ. 1982ರ ಶಿರಸಿಯ ಸಮ್ಮೇಳನದಲ್ಲಿ ಇಪ್ಪತ್ತು ವರ್ಷದ ಸ್ವಯಂಸೇವಕನಾಗಿದ್ದವನಿಗೆ ಈಗ ಅರವತ್ತು ದಾಟಿದೆ. 1965ರಲ್ಲಿ ಕಾರವಾರದಲ್ಲಿ ಆ ವಯಸ್ಸಿನಲ್ಲಿದ್ದವರು ಎಂಬತ್ತರ ಮೇಲಿದ್ದಾರೆ. ಕುಮಟೆಯವರು ತೊಂಬತ್ತರ ಮೇಲೆ. ಅಧ್ಯಕ್ಷರ ಭಾಷಣಗಳನ್ನು ಮುದ್ರಿಸಿ ಇಡುವ ಏರ್ಪಾಡು ಆಗಿದೆ. ಇವರ ನೆನಪುಗಳು ಇವರೊಡನೆಯೇ ಹೋಗುತ್ತವೆ. ಹಳಿಯಾಳ, ದಾಂಡೇಲಿ, ಮುಂಡಗೋಡ, ಜೋಯಿಡಾಗಳ ನಮ್ಮ ಶಿಷ್ಯರ ಮನೆಗಳಲ್ಲಿ ಅಂಥ ಹಿರಿಯರಿದ್ದರೆ, ಮನೆಯ ಮಕ್ಕಳು ಅವರ ಬಳಿ ಕುಳಿತು ಕೇಳಿ ಬರೆದಿಡಬೇಕು: ಯಾವ ಗಾಡಿಯಲ್ಲಿ ಹೋದರು, ಯಾರ ಮನೆಯಲ್ಲಿ ಇಳಿದರು, ಏನು ಕೆಲಸ ಹೇಳಿದರು, ಅಕ್ಕಿ ಯಾರು ಕೊಟ್ಟರು, ಯಾವ ಕವಿಗೆ ನೀರು ಕಾಯಿಸಿ ಕೊಟ್ಟರು, ವಂತಿಗೆ ಕೇಳಲು ಹೋದಾಗ ಯಾರು ಬಾಗಿಲು ಹಾಕಿಕೊಂಡರು. ವ್ಯಾಕರಣದ ತಪ್ಪುಗಳ ಚಿಂತೆ ಬೇಡ. ಹಳೆಯ ವಂತಿಗೆಯ ಪುಸ್ತಕ, ಆಮಂತ್ರಣ ಪತ್ರಿಕೆ, ಬಿಲ್ಲೆ, ಛಾಯಾಚಿತ್ರಗಳಿದ್ದರೆ ಅವುಗಳನ್ನೂ ಅದರೊಡನೆ ಸೇರಿಸಬೇಕು. ಇವನ್ನು ಶ್ರೀಮಠದ ಗ್ರಂಥಭಾಂಡಾರಕ್ಕೆ ತಲುಪಿಸಿದರೆ ತಾಡವೋಲೆಗಳ ಪಕ್ಕದ ಕಪಾಟಿನಲ್ಲಿ ಅವುಗಳಿಗೆ ಸ್ಥಳ ಮಾಡಿಡಲಾಗುವುದು.